ಆರು ಅಂಕದ ಚಿತ್ರ

"ಇದೇನಮ್ಮಾ, ಗಣಿತದ ಪರೀಕ್ಷೆಯೋ ಚಿತ್ರ ಬರೆಯೋ ಪರೀಕ್ಷೆಯೋ?" ಎನ್ನುತ್ತ ಮೌಲ್ಯಮಾಪಕರು ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ತಾಯಿ-ಮಗಳತ್ತ ತಿರುಗಿಸಿದರು. ಪುಟದ ತುಂಬ ಪೆನ್ಸಿಲಿನಲ್ಲಿ ಬರೆದ ಒಂದು ಸುರುಳಿ. ಅದರ ಹೊರಗಿನ ಒಂದೇ ಒಂದು ಸುತ್ತು ಬಿಚ್ಚಿಕೊಂಡು ಪಟ್ಟಿಯಾಗಿ ಉದ್ದಕ್ಕೆ ಮಲಗಿತ್ತು. ಪಕ್ಕದಲ್ಲಿ ಕೆಂಪು ಸೊನ್ನೆ. ಸೊನ್ನೆಯ ಕೆಳಗೆ 'ಅಸಂಬದ್ಧ' ಎಂಬ ಷರಾ.

ತಾಯಿ ಅರ್ಧ ದಿನ ರಜೆ ಹಾಕಿ, ಉತ್ತರಪತ್ರಿಕೆಯ ಮರುಪರಿಶೀಲನೆಗೆ ಮಗಳ ಜೊತೆ ಬಂದಿದ್ದಳು. ಸ್ಟಿಕರ್ ಕಾರ್ಖಾನೆಯಲ್ಲಿ ಕಾಗದವನ್ನು ರೋಲಿಗೆ ಸುತ್ತುವ ಯಂತ್ರದ ಮುಂದೆ ಹದಿನೇಳು ವರ್ಷ ನಿಂತವಳಿಗೆ, ಇಲ್ಲಿ ಯಾರೂ ಕೂರಿ ಎನ್ನದಿದ್ದುದು ದೊಡ್ಡದೇನಲ್ಲ. ದೊಡ್ಡದಿದ್ದದ್ದು ಆ ಸೊನ್ನೆ. ಮಗಳು ಗಣಿತದಲ್ಲಿ ನಾಲ್ಕು ಅಂಕಕ್ಕೆ ನಪಾಸಾಗಿದ್ದಳು. ಈ ಪ್ರಶ್ನೆಗಿದ್ದದ್ದು ಆರು. ಡಿಪ್ಲೊಮಾ ಸೀಟಿಗೆ ನಾಳೆಯೇ ಕಡೆಯ ದಿನ.

"ಪ್ರಶ್ನೆ ಓದೇ," ಎಂದಳು ತಾಯಿ.

ಮಗಳು ಓದಿದಳು: "ವೃತ್ತದ ತ್ರಿಜ್ಯ ಹೆಚ್ಚಿದಂತೆ ಅದರ ವಿಸ್ತೀರ್ಣ ಹೆಚ್ಚುವ ದರ, ವೃತ್ತದ ಪರಿಧಿಗೆ ಸಮನಾಗಿರುತ್ತದೆ. ಏಕೆ?"

"ಯಾಕೆ ಅಂತ ಕೇಳಿದವರು ನೀವು. ಹೇಳಿದ್ದಾಳೆ. ಮತ್ತೆ ಸೊನ್ನೆ ಯಾಕೆ ಸಾರ್?"

ಮೌಲ್ಯಮಾಪಕರಿಗೆ ನಗು ಬಂತು. "ಪರೀಕ್ಷೆಯಲ್ಲಿ ಯಾಕೆ ಅಂದ್ರೆ ನಿಜವಾಗ್ಲೂ ಯಾಕೆ ಅಂತಲ್ಲಮ್ಮಾ. ವಿಸ್ತೀರ್ಣದ ಸೂತ್ರ ಬರೀಬೇಕು, ಅವಕಲನದ ಸೂತ್ರ ಬರೀಬೇಕು, ಅದನ್ನ ಇದಕ್ಕೆ ಹಾಕ್ಬೇಕು. ಮೂರು ಸಾಲು, ಸಾಲಿಗೆರಡು ಅಂಕ. ಮಾದರಿ ಉತ್ತರದಲ್ಲಿ ಹಾಗೇ ಇದೆ. ಬಾಯಿಪಾಠ ಮಾಡ್ಕೊಂಡಿದ್ರೆ ಒಂದು ನಿಮಿಷದ ಕೆಲಸ."

"ಬಾಯಿಪಾಠ ಬರುತ್ತೆ ಸಾರ್," ಎಂದಳು ಮಗಳು. "ಆದ್ರೆ ಸೂತ್ರ ಹೇಳೋದು ಎಷ್ಟಾಗುತ್ತೆ ಅಂತ. ನೀವು ಕೇಳಿದ್ದು ಯಾಕಾಗುತ್ತೆ ಅಂತ."

"ನಾಲಿಗೆ ಉದ್ದ ಇದೆ, ಉತ್ತರ ಇಲ್ಲ. ಈ ಗೀಚು ನಿಮ್ಮಮ್ಮನಿಗಾದ್ರೂ ಅರ್ಥ ಆಗುತ್ತಾ, ಕೇಳು!"

ಬಾಯಿ ಮುಚ್ಚಿಸಲೆಂದೇ ಆಡಿದ ಮಾತು. 'ಏಕೆ' ಎಂದು ಸಾವಿರಾರು ಪ್ರತಿ ಅಚ್ಚು ಹಾಕಿಸುತ್ತಾರೆ. ನಂಬಿ ಒಬ್ಬಳು ಉತ್ತರ ಕೊಟ್ಟರೆ ಅವಳ ತಾಯಿಯನ್ನು ಮಾತಿಗೆ ಎಳೆತಂದು ಹಂಗಿಸುತ್ತಾರೆ. ತಾಯಿಯ ಕಿವಿ ಬಿಸಿಯಾಯಿತು. ಆ ಚಿತ್ರವನ್ನು ಅವಳು ಮೊದಲು ಕಂಡವಳಲ್ಲ. ಬಗ್ಗಿ ನೋಡಿದಳು. ನೋಡುತ್ತ ನೋಡುತ್ತ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಇದು ರೋಲಿನ ಮುಖ ಅಲ್ವೇನ್ರೀ, ಪಕ್ಕದಿಂದ ನೋಡಿದ್ರೆ ಕಾಣೋ ದುಂಡು! ಇನ್ನೊಂದು ಸುತ್ತು ಸುತ್ತಿದ್ರೆ ಈ ಮುಖ ಎಷ್ಟು ಬೆಳೆಯುತ್ತೆ? ಆ ಒಂದು ಸುತ್ತಿನಷ್ಟೇ. ಅದನ್ನ ಬಿಚ್ಚಿ ಮಲಗಿಸಿದ್ದಾಳೆ. ಪಟ್ಟಿಯ ಉದ್ದ ರೋಲಿನ ಸುತ್ತಳತೆಯಷ್ಟು, ಅಗಲ ಕಾಗದದ ದಪ್ಪದಷ್ಟು. ಅಂದ್ರೆ ಮುಖ ಬೆಳೆಯೋದು ಸುತ್ತಳತೆಯ ಲೆಕ್ಕದಲ್ಲೇ ಆಯ್ತಲ್ಲ ಸಾರ್. ರೋಲು ಸಣ್ಣದಿದ್ದಾಗ ಸುತ್ತಿಗೆ ಗೇಣು ಕಾಗದ ಸಾಕು. ಹೊಟ್ಟೆ ಬಂದ್ಮೇಲೆ ಮಾರುದ್ದ ನುಂಗುತ್ತೆ. ನಮ್ಮ ಪಾಳಿಯಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ."

ಮೌಲ್ಯಮಾಪಕರು ನೆಟ್ಟಗೆ ಕೂತರು. ಹಿಡಿಯಲು ಒಂದು ತಪ್ಪು ಸಿಕ್ಕಿತ್ತು. "ಅಲ್ಲೇ ಎಡವಿದ್ದು! ಸುತ್ತಿನ ಹೊರ ಅಂಚು ಒಳ ಅಂಚಿಗಿಂತ ಉದ್ದ ಇರುತ್ತೆ. ಬಿಚ್ಚಿದ್ರೆ ಸರಿಯಾದ ಪಟ್ಟಿ ಆಗೋಲ್ಲ."

"ರಟ್ಟು ಸುತ್ತಿದ್ರೆ ಆಗೋಲ್ಲ," ಎಂದಳು ತಾಯಿ. "ಕಾಗದ ಸುತ್ತಿ, ವ್ಯತ್ಯಾಸ ಕಮ್ಮಿ ಆಗುತ್ತೆ. ಈರುಳ್ಳಿ ಸಿಪ್ಪೆಯಂಥ ಕಾಗದ ಸುತ್ತಿ, ಹುಡುಕಿದ್ರೂ ಸಿಗೋಲ್ಲ. ಇನ್ನೂ ತೆಳ್ಳಗೆ, ಇನ್ನೂ ತೆಳ್ಳಗೆ ಮಾಡ್ತಾ ಹೋಗಿ ಸಾರ್. ಆ ನಿಮ್ಮ ತಪ್ಪು ಎಲ್ಲಿ ಉಳಿಯುತ್ತೆ?"

ಮೌಲ್ಯಮಾಪಕರ ತೋರುಬೆರಳು ತನಗೆ ತಾನೇ ಸುರುಳಿಯ ಹೊರಗಿನ ಗೆರೆಯ ಗುಂಟ ಒಂದು ಸುತ್ತು ಹೋಗಿ ಬಂತು, ಆಮೇಲೆ ಪಟ್ಟಿಯ ಮೇಲೆ ಈ ತುದಿಯಿಂದ ಆ ತುದಿಗೆ ಸರಿಯಿತು. ಮತ್ತೊಮ್ಮೆ ಸುತ್ತಿತು. "ಅಯ್ಯೋ, ಇಷ್ಟೇನಾ..." ಎಂದುಕೊಂಡರು. ಇಪ್ಪತ್ತಾರು ವರ್ಷ ಪಾಠ ಹೇಳಿದ ಮನುಷ್ಯನ ಮುಖದಲ್ಲಿ ಮೊದಲ ಬಾರಿ ಕನ್ನಡಕ ಹಾಕಿಕೊಂಡ ಮಗುವಿನ ಬೆರಗಿತ್ತು. ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಮಗಳು ತಾಯಿಯ ಮೊಣಕೈ ಹಿಡಿದುಕೊಂಡಳು.

ಅವರು ಬರೆದರು: 'ಮರುಪರಿಶೀಲಿಸಲಾಗಿದೆ. ಬದಲಾವಣೆ ಇಲ್ಲ.' ಕೆಳಗೆ ಸಹಿ ಎಳೆದರು.

"ಅರ್ಥ ಆಗ್ಲಿಲ್ವಾ ಸಾರ್?" ಎಂದಳು ಮಗಳು.

"ಆಯ್ತಮ್ಮಾ, ಚೆನ್ನಾಗೇ ಆಯ್ತು. ಆದ್ರೆ ನನಗೆ ಅರ್ಥ ಆಯ್ತು ಅಂತ ಅಂಕ ಕೊಡೋಕಾಗುತ್ತಾ? ಮಾದರಿ ಉತ್ತರದಲ್ಲಿ ಚಿತ್ರ ಇಲ್ಲ. ನಾಳೆ ನನ್ನ ತಲೆ ಮೇಲೆ ಬರುತ್ತೆ." ಹೇಳುತ್ತಲೇ ಅವರು ಜೇಬಿನಿಂದ ಮೊಬೈಲು ತೆಗೆದು, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಪುಟದ ಮೇಲೆ ಬಗ್ಗಿದರು. "ಒಂದು ಫೋಟೋ ತಗೋತೀನಿ, ಏನೂ ಅಂದ್ಕೋಬೇಡಿ. ಸೋಮವಾರ ಕ್ಲಾಸಲ್ಲಿ ತೋರಿಸ್ತೀನಿ. ಹುಡುಗರ ತಲೆಗೆ ತಟ್ಟನೆ ಹತ್ತುತ್ತೆ."

ತಾಯಿ ಅಂಗೈ ಅಗಲಿಸಿ ಚಿತ್ರದ ಮೇಲೆ ಇಟ್ಟಳು. ಕಾಗದದ ಅಂಚು ಕೊಯ್ದ ಗೆರೆಗಳಿದ್ದ ಆ ಕೈಯ ಕೆಳಗೆ ಸುರುಳಿ, ಪಟ್ಟಿ ಎರಡೂ ಮುಚ್ಚಿಹೋದವು. ಹೊರಗುಳಿದದ್ದು ಸೊನ್ನೆ, ಷರಾ, ಇನ್ನೂ ಒಣಗದ ಸಹಿ.

"ಈಗ ತೆಗೀರಿ ಸಾರ್," ಎಂದಳು. "ನೀವು ಬರೆದಷ್ಟೂ ಬರುತ್ತೆ."