ಕೊಳ, ಬಾಯಿ, ಕೈ

“ಇಳಿ ಕೆಳಗೆ!” ದ್ವಾರಕಾನಾಥ್ ಮೈಕಿನಲ್ಲೇ ಗದರಿದರು.

ಹೊರದೇಶದ ಕನ್ನಡ ಸಂಘದ ೨೦೦೬ರ ಭಕ್ತಿಗೀತೆ ಸ್ಪರ್ಧೆ, ವೆಸ್ಟ್‌ಲ್ಯಾಂಡ್ಸ್‌ನ ಹಾಲ್‌ನಲ್ಲಿ. ನೋಡಿಕೊಂಡು ಹಾಡಬಹುದು, ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ತಂದರೆ ಔಟ್. ನಿಯಮ ದ್ವಾರಕಾನಾಥರದ್ದು. ಭಾನುವಾರದ ಕನ್ನಡ ತರಗತಿಯ ಮೇಷ್ಟ್ರೂ ಅವರೇ, ಇವತ್ತಿನ ತೀರ್ಪುಗಾರರೂ ಅವರೇ, ಇನ್ನು ಕೇಳಬೇಕೆ? ಆಗಲೇ ನಾಲ್ಕು ಮಕ್ಕಳು ಅಳುತ್ತಾ ಇಳಿದಿದ್ದರು. ಈಗ ಹನ್ನೊಂದರ ಜಾಹ್ನವಿ ದೊಡ್ಡ ಚಾರ್ಟ್ ಹಿಡಿದು ನಿಂತಿದ್ದಳು. ಈ ವರ್ಷ ತೀರಿಕೊಂಡ ಅಜ್ಜಿ ತಾವೇ ಕಟ್ಟಿದ ಹಾಡು ಅದು. ಹಾಡದೆ ಇಳಿಯುವವರ ಪೈಕಿ ಅವಳಲ್ಲ.

“ನೋ ಅಂಕಲ್, ಇಟ್ಸ್ ನಾಟ್ ಇಂಗ್ಲಿಷ್. ನೋಡಿ.” ಚಾರ್ಟನ್ನು ಅವರತ್ತ ತಿರುಗಿಸಿದಳು.

ಅದರ ತುಂಬ ಗೂಬೆ, ಹಾವು, ಪಾದ, ನೀರಿನ ಅಲೆ.

“ಏನಮ್ಮಾ ಇದು, ಝೂನಾ?” ಸಭೆಯೆಲ್ಲ ಗೊಳ್ಳೆಂದಿತು. ಮುಂದಿನ ಸಾಲಿನಲ್ಲಿದ್ದ ತಾಯಿ ಕಾತ್ಯಾಯಿನಿಗೆ ಎದ್ದು ಹೋಗಿಬಿಡೋಣ ಅನ್ನಿಸಿತು.

“ಈಜಿಪ್ಟ್ ಲೆಟರ್ಸ್. ಅಲ್ಲಿ ದೇವರ ಹಾಡು ಹೀಗೇ ಕಲ್ಲಲ್ಲಿ ಕೆತ್ತಿದ್ರು. ಸ್ಕೂಲ್ ಲೈಬ್ರರಿ ಬುಕ್ ನೋಡಿ ಕಲಿತೆ. ನಿಮ್ಮ ರೂಲ್ ಇಂಗ್ಲಿಷ್‌ಗೆ ಮಾತ್ರ ಅಲ್ವಾ? ಕ್ಯಾನ್ ಐ ಸ್ಟಾರ್ಟ್?”

ಉತ್ತರಕ್ಕೂ ಕಾಯದೆ ಶುರು ಮಾಡಿಯೇಬಿಟ್ಟಳು. ಎಲ್ಲೂ ತಡವರಿಕೆಯಿಲ್ಲ, ಒಂದು ಳಕಾರವೂ ಲಕಾರವಾಗಲಿಲ್ಲ. ಹಾಡು ಮುಗಿಯುವಾಗ ಕಾತ್ಯಾಯಿನಿಗೆ ಅಮ್ಮನೇ ಬಂದು ಹಾಡಿದಂತಾಯಿತು.

“ಅಂಡ್ ಅಂಕಲ್, ಅಲ್ಲಿ ಕೆಲವು ಕಲ್ಲನ್ನ ಅಡ್ಡ ಓದಿದ್ರೂ ಹಾಡು, ಮೇಲಿಂದ ಕೆಳಗೆ ಓದಿದ್ರೂ ಹಾಡು. ಅಜ್ಜೀನೂ ಹಾಗೇ ಮಾಡಿದ್ದಾರೆ!” ಮೂರು ನುಡಿಗಳ ಮೊದಲ ಚಿತ್ರಗಳ ಮೇಲೆ ಬೆರಳು ಇಳಿಸಿದಳು. “ಕೊಳ, ಬಾಯಿ, ಕೈ. ಶ, ರ, ದ. ಅಲ್ಲಿ ವವೆಲ್ಸ್ ಬರೆಯಲ್ಲ, ಸೋ ಶಾರದೆ!”

ತೊಟ್ಟಿಲಿನಿಂದಲೇ ಆ ಹಾಡು ಕೇಳಿ ಬೆಳೆದ ಕಾತ್ಯಾಯಿನಿಗೂ ಅದು ಗೊತ್ತಿರಲಿಲ್ಲ.

ದ್ವಾರಕಾನಾಥ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. “ಭೇಷ್! ಅಲ್ಲ ಮರೀ, ಇಷ್ಟೊಂದು ಗೂಬೆ, ಹಾವು ತಲೆಗೆ ಹತ್ತಿದೆ. ನನ್ನ ಕ್ಲಾಸಲ್ಲಿ ಅ ಆ ಇ ಈ ಮಾತ್ರ ಹತ್ತಲಿಲ್ಲ, ಎರಡೇ ವಾರಕ್ಕೆ ಓಡಿಹೋದ್ಯಲ್ಲ, ಯಾಕೆ? ಎಲ್ಲರಿಗೂ ಕೇಳೋ ಹಾಗೆ ಹೇಳು.” ಮೈಕನ್ನು ಅವಳ ಮುಂದೆ ಹಿಡಿದರು.

ಜಾಹ್ನವಿ ಚಾರ್ಟ್ ಸುತ್ತಿಕೊಂಡಳು.

“ಇದನ್ನ ಕಲಿಯುವಾಗ ಯಾರೂ ಗದರಲಿಲ್ಲ, ಅಂಕಲ್.”