ಲಗ್ನಪತ್ರಿಕೆಯ ವೈಜಯಂತಿ

ಸ್ವೀಡನ್ನಿನ ಹೆಂಡತಿಯನ್ನು ಮೈಸೂರಿಗೆ ಕರೆದೊಯ್ಯುವ ವೀಸಾ ಅರ್ಜಿಗೆ ಮದುವೆಯ ಸರ್ಟಿಫಿಕೇಟೊಂದೇ ಸಾಕಿತ್ತು. ಇರಲಿ, ಇನ್ನಷ್ಟು ಗಟ್ಟಿಯಾಗಲಿ ಎಂದು ಶ್ರೀವತ್ಸ ಕನ್ನಡದ ಲಗ್ನಪತ್ರಿಕೆಯನ್ನೂ ಲಗತ್ತಿಸಿಬಿಟ್ಟ. ಸ್ವೀಡನ್ನಿನಲ್ಲಿರುವ ಭಾರತದ ರಾಯಭಾರ ಕಚೇರಿಯ ಅಧಿಕಾರಿ ಹಾಸನದವರೇ ಆಗಿರುತ್ತಾರೆಂದು ಅವನಿಗೇನು ಗೊತ್ತು!

"ಏನ್ರೀ, ಸರ್ಟಿಫಿಕೇಟಲ್ಲಿ ನಿಮ್ಮ ಹೆಂಡ್ತಿ ಇಂಗ್ರಿಡ್. ಪತ್ರಿಕೇಲಿ ನೋಡಿದ್ರೆ ಸೀತಾರಾಮಯ್ಯನವರ ಮಗಳು ವೈಜಯಂತಿ. ಒಂದೇ ತಿಂಗಳಲ್ಲಿ ಎರಡು ಮದುವೆನಾ?"

"ಅಯ್ಯೋ, ಇಬ್ಬರೂ ಒಬ್ಬಳೇ ಸಾರ್! ಇವಳ ಅಪ್ಪ ಅಮ್ಮಂಗೆ ಮದುವೆಗೆ ಬರೋಕಾಗ್ಲಿಲ್ಲ. ಧಾರೆ ಎರೆಯೋಕೆ ಯಾರಾದ್ರೂ ಬೇಕಲ್ಲ? ನಮ್ಮ ಪಕ್ಕದ್ಮನೆ ಸೀತಾರಾಮಯ್ಯನವರೇ ಮಗಳು ಅಂತ ಮಾಡ್ಕೊಂಡು ಎರೆದುಕೊಟ್ರು. ವೈಜಯಂತಿ ಅನ್ನೋ ಹೆಸರು ನಮ್ಮಮ್ಮ ಇಟ್ಟಿದ್ದು."

"ಕಥೆ ಚೆನ್ನಾಗಿದೆ," ಎಂದು ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದರು.

ಮುಂದಿನ ಶುಕ್ರವಾರವೇ ಶ್ರೀವತ್ಸನ ತಂಗಿಯ ಮದುವೆ. ಅತ್ತಿಗೆ ಬರದಿದ್ದರೆ ಹಸೆಮಣೆ ಏರುವುದೇ ಇಲ್ಲವೆಂದು ಅವಳು ಹಟ ಹಿಡಿದು ಕೂತಿದ್ದಳು.

"ಬೇಕಾದ್ರೆ ನನ್ನ ಹೆಂಡ್ತೀನೇ ಕೇಳಿ ಸಾರ್. ಕನ್ನಡ ಬರುತ್ತೆ, ಅದನ್ನೂ ನಮ್ಮಮ್ಮನೇ ಕಲಿಸಿದ್ದು."

ಅಧಿಕಾರಿ ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಇಂಗ್ರಿಡ್‌ಳನ್ನು ಹತ್ತಿರ ಕರೆದು, ಪತ್ರಿಕೆಯಲ್ಲಿದ್ದ ಹೆಸರಿನ ಮೇಲೆ ಬೆರಳಿಟ್ಟರು.

"ಈ ವೈಜಯಂತಿ ನಿಮಗೆ ಗೊತ್ತೇನಮ್ಮ?"

ಇಂಗ್ರಿಡ್ ಬಗ್ಗಿ ಓದಿ, ಸಣ್ಣದೊಂದು ನಿಟ್ಟುಸಿರು ಬಿಟ್ಟಳು.

"ಗೊತ್ತು ಸಾರ್. ನಮ್ಮತ್ತೆಗೆ ಅವಳನ್ನ ಕಂಡ್ರೆ ಪ್ರಾಣ. ನನ್ನನ್ನ ಕಂಡ್ರೆ ಅಷ್ಟಕ್ಕಷ್ಟೆ."