ಐದರೊಳಗೆ ಬಕ್ಕಪ್ಪ

ಚನ್ನಬಸಪ್ಪ ತನ್ನ ಬಟ್ಟೆ ಅಂಗಡಿಗೆ ಬಂದ ಮೂರನೆಯ ಗಿರಾಕಿಯ ಗಡ್ಡವನ್ನೂ ಎಳೆದು ನೋಡಿದ. ಅದೂ ನಿಜವಾದದ್ದೇ. ಗಿರಾಕಿ ಬೈಯಲಿಲ್ಲ, ನಕ್ಕ. ಈ ಒಂದು ದಿನ ಬಸವಕಲ್ಯಾಣದ ಹಳೇ ಬಜಾರಿನಲ್ಲಿ ಗಡ್ಡ ಎಳೆಸಿಕೊಂಡವರು ಬೈಯುವಂತಿರಲಿಲ್ಲ.

ಹುಮನಾಬಾದಿನ ಬಕ್ಕಪ್ಪ ವರ್ಷಕ್ಕೊಂದು ದಿನ ಬರುತ್ತಿದ್ದ. ಆತ ಹಗಲುವೇಷದವನು. ದೇವರ ವೇಷವಲ್ಲ, ಸಾದಾ ಮನುಷ್ಯರ ವೇಷ. ಬೆಳಗಿನಿಂದ ಸಂಜೆ ಐದರವರೆಗೆ ಬಜಾರಿನ ಜನರ ನಡುವೆಯೇ ಓಡಾಡಬೇಕು. ಯಾರೂ ಗುರುತು ಹಿಡಿಯದಿದ್ದರೆ ಬಜಾರ ಸೋತಂತೆ. ಆತನ ಮನೆಗೆ ವರ್ಷದ ಜೋಳ, ಎಲ್ಲರಿಗೂ ಬಟ್ಟೆ. ಹಿಡಿದರೆ ಬರಿಗೈಯಲ್ಲಿ ಹೋಗಬೇಕು, ಮತ್ತೆಂದೂ ಇಲ್ಲಿ ವೇಷ ಕಟ್ಟುವಂತಿಲ್ಲ. ಬಜಾರಿಗೂ ಆ ಮನೆತನಕ್ಕೂ ತಾತನ ಕಾಲದ ಕರಾರು ಅದು. ಹೋದ ವರ್ಷ ಆತ ಬೀಗರ ಕಡೆಯವನಾಗಿ ಬಂದು, ಚನ್ನಬಸಪ್ಪನ ಮನೆಯಲ್ಲೇ ಕೂತು, ಏಳು ಹೋಳಿಗೆ ಉಂಡು ಹೋಗಿದ್ದ. ಆ ಏಳು ಹೋಳಿಗೆಯನ್ನು ಬಜಾರ ಇನ್ನೂ ಮರೆತಿರಲಿಲ್ಲ.

ಇಂಥ ದಿನವೇ ದೀಪಾಲಿ ಅಂಗಡಿಯ ಮೆಟ್ಟಿಲು ಹತ್ತಿದಳು. ದಪ್ಪ ಚಷ್ಮಾ, ಹೆಗಲಿಗೆ ಚೀಲ, ಕೈಯಲ್ಲಿ ನೋಟುಬುಕ್ಕು.

"ಅಣ್ಣಾರ, ನಂದು ಹುಮನಾಬಾದದ ಸಂಜೀ ಕಾಲೇಜ್ರಿ. 'ನಮ್ಮ ನಗರದ ಕಲೆ: ಅನುಭವ ಮತ್ತು ವಿಶ್ಲೇಷಣೆ' ಅಂತ ಪ್ರಾಜೆಕ್ಟ್ ಕೊಟ್ಟಾರ. ಹಗಲುವೇಷದ ಮ್ಯಾಲ ಬರಿಯಾಕತ್ತೇನಿ. ಐದರೊಳಗ ಮುಗೀಬೇಕ್ರಿ. ಎಡವಿದ್ನಂದ್ರ ನನ್ನ ವರ್ಷ ಹೋತು."

ಬೆಳಗಿನಿಂದ ಆಕೆ ಏನೂ ತಿಂದಿರಲಿಲ್ಲ. ಇಂಥ ಕೆಲಸಕ್ಕೆ ತೀರ ಹೊಸಬಳು. ತಪ್ಪಿದರೆ ಮನೆಗೆ ಯಾವ ಮುಖ ಹೊತ್ತು ಹೋಗುವುದು ಎಂಬ ಚಿಂತೆ ಬೇರೆ.

"ಛಲೋ ಜಾಗಾಕ್ಕ ಬಂದಿ ತಂಗಿ," ಎಂದ ಚನ್ನಬಸಪ್ಪ. "ಇವತ್ತ ಬಕ್ಕಪ್ಪನ್ನ ಹಿಡದಾ ಹಿಡಿತೀನಿ. ಬಾಜೂಕ ಕೂತು ಬರಕೋ."

ಪಕ್ಕದ ಅತ್ತರಿನ ಅಂಗಡಿಯಿಂದ ಪೀರ್ ಪಾಷಾ ಕತ್ತು ಚಾಚಿದ. "ಬೇಟಿ, ಇವರು ಹಿಡಿಯೂದು ಬರೀ ಗಡ್ಡ. ಬರಕೋ, ಬರಕೋ."

ದೀಪಾಲಿ ಬರೆದುಕೊಂಡಳು. "ಚಾಚಾ, ವೇಷ ಅಂತ ಹ್ಯಾಂಗ ಗೊತ್ತಾಗತದ? ನೀವು ಮೊದಲ ಏನ ನೋಡತೀರಿ?"

"ಮೀಸಿ. ಆಮ್ಯಾಲ ನಡಿಗಿ."

"ನಡಿಗಿ," ಎಂದು ಆಕೆ ಅಡಿಗೆರೆ ಎಳೆದಳು. ಅಷ್ಟು ಹೊತ್ತು ಮೆಟ್ಟಿಲ ತುದಿಯಲ್ಲಿ ಚಡಪಡಿಸುತ್ತಿದ್ದವಳು ಕಾಲು ಮಡಚಿ ಗಟ್ಟಿಯಾಗಿ ಕೂತಳು.

ಬಳೆಗಾರ್ತಿ ವಜೀರಬಿ ಎದುರಿನಿಂದ ಕೂಗಿದಳು. "ಸೀರಿ ಉಟ್ಟೂ ಬರಬಹುದು ಅಂವ! ಬಳಿ ಇಡಸೂವಾಗ ಒಬ್ಬೊಬ್ಬರ ಮಣಿಕಟ್ಟು ಹಿಚಕಿ ನೋಡಾಕತ್ತೇನಿ." ಇಳಿದು ಬಂದು ದೀಪಾಲಿಯ ಕೈಯನ್ನೂ ಹಿಚುಕಿದಳು. "ಇದು ಖರೇ ಹೆಣ್ಣಮಗಳ ಕೈ. ಬರಕೋಳವ್ವಾ."

ಮೂರು ಗಂಟೆಗೆ ಒಬ್ಬ ಸಿಕ್ಕೇಬಿಟ್ಟ. ಖಾಕಿ ಚೀಲ, ಕೈಯಲ್ಲಿ ಕಾಗದ, ಕಿವಿಯವರೆಗೆ ಹುರಿಮೀಸೆ. "ತಕ್ಕಡಿ ತಪಾಸಣೆ," ಎಂದ. ಬಟ್ಟೆ ಅಂಗಡಿಯಲ್ಲಿ ತಕ್ಕಡಿ! ಚನ್ನಬಸಪ್ಪ ಒಂದೇ ಜಿಗಿತಕ್ಕೆ ಗಲ್ಲೆಯ ಕಟ್ಟೆಯಿಂದ ಇಳಿದು ಎರಡೂ ಕೈಯಿಂದ ಮೀಸೆ ಹಿಡಿದ.

"ಅಯ್ಯೋ! ಬಿಡ್ರೀ! ನಾ ಖರೇ ಆಫೀಸರ್! ಕಿರಾಣಿ ಅಂಗಡಿ ಎಲ್ಲದ ಅಂತ ಕೇಳಾಕ ಬಂದೇನಿ!"

"ವಾಹ್ವಾ!" ಪೀರ್ ಪಾಷಾ ಚಪ್ಪಾಳೆ ಹೊಡೆದ. "ಕಣ್ಣಾಗ ನೀರು ಹ್ಯಾಂಗ ತರಿಸ್ಯಾನ ನೋಡ್ರಿ!"

ಬಜಾರವೇ ಕೂಡಿತು. ಅಧಿಕಾರಿ ಗುರುತಿನ ಚೀಟಿ ತೋರಿಸಿದ. ಜನ ಅದರ ಫೋಟೋ ನೋಡಿ ಮತ್ತೂ ಮೆಚ್ಚಿದರು. ಸಿಟ್ಟಿಗೆದ್ದು ಕಾನೂನಿನ ಕಲಮು ಹೇಳಿದ. ಒಬ್ಬ ಶಿಳ್ಳೆ ಹಾಕಿದ. ಇನ್ನೊಬ್ಬ ಹಾರ ತಂದ. ಮೀಸೆ ಮಾತ್ರ ಕಿತ್ತು ಬರುತ್ತಿರಲಿಲ್ಲ.

"ಬಿಡ್ರಿ ಅಣ್ಣಾರ, ಅವರಲ್ಲರಿ!" ದೀಪಾಲಿ ಚೀರಿದಳು. ಚೀರಿದ ಮೇಲೆ ತಾನೇ ಬಾಯಿ ಮುಚ್ಚಿಕೊಂಡಳು. ಎಲ್ಲರೂ ತಿರುಗಿದರು. ಆಕೆ ಪೆನ್ನಿನಿಂದ ಮೀಸೆಯ ಅಂಚು ತೋರಿಸಿದಳು. "ಬೆವರು ನೋಡ್ರಿ. ಅಂಟಿಸಿದ ಮೀಸಿ ಇಷ್ಟು ಬೆವರಿಗೆ ಅಂಚು ಬಿಡತದ."

ಚನ್ನಬಸಪ್ಪ ಕೈ ಬಿಟ್ಟ. ಅಂಚು ನೋಡಿದ. ಮುಖ ಬಿಳುಚಿತು. ಅಧಿಕಾರಿಗೆ ಕುರ್ಚಿ ಬಂತು, ಚಹಾ ಬಂತು, ಪೀರ್ ಪಾಷಾ ಉಚಿತವಾಗಿ ಅತ್ತರು ಹಚ್ಚಿದ. ಮೊದಲು ಗುರುಗುಟ್ಟಿದ ಅಧಿಕಾರಿ, ಕಥೆ ಕೇಳಿದ ಮೇಲೆ ತಾನೂ ಅಲ್ಲೇ ಕೂತು ಹೋಗಿಬರುವವರ ಮೀಸೆ ದಿಟ್ಟಿಸತೊಡಗಿದ.

"ಕಾಲೇಜಿನಾಗ ಎಷ್ಟು ಚಂದ ಕಲಸ್ತಾರ ನೋಡ್ರಿ," ಎಂದಳು ವಜೀರಬಿ. ದೀಪಾಲಿ ತಲೆ ತಗ್ಗಿಸಿ ಬರೆಯುತ್ತಲೇ ಇದ್ದಳು.

ನಾಲ್ಕಾಯಿತು. ನಾಲ್ಕೂವರೆಯಾಯಿತು. ಒಬ್ಬ ಮದುಮಗ, ಇಬ್ಬರು ಬ್ಯಾಂಕಿನವರು, ಮೋರಖಂಡಿಯ ಒಬ್ಬ ಎಮ್ಮೆ ವ್ಯಾಪಾರಿ ಮೀಸೆ ಎಳೆಸಿಕೊಂಡು ಹೋದರು. ಎಲ್ಲವೂ ಬೇರು ಬಿಟ್ಟಿದ್ದವು. ದೀಪಾಲಿ ಎರಡು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದಳು.

"ಯಾಕ ತಂಗಿ, ಬಕ್ಕಪ್ಪ ಸಿಗದಿದ್ರ ಮಾರ್ಕ್ಸ್ ಹೋಗತಾವೇನು?" ಚನ್ನಬಸಪ್ಪನಿಗೆ ಕನಿಕರ ಬಂತು.

"ಜೀವಾ ಬಾಯಿಗೆ ಬಂದದ್ರಿ ಅಣ್ಣಾರ," ಎಂದಳು. ಅದಂತೂ ಸುಳ್ಳಾಗಿರಲಿಲ್ಲ.

ಐದು ಬಡಿಯಿತು. ಚನ್ನಬಸಪ್ಪ ಗಲ್ಲೆಯ ಕಟ್ಟೆ ಹತ್ತಿ ನಿಂತ. "ಬಂದೇ ಇಲ್ಲ ಮಗಾ! ಹೆದರ್ಯಾನ! ಬಜಾರ ಗೆದ್ದದ!" ಅಧಿಕಾರಿಯೂ ಸೇರಿ ಎಲ್ಲರೂ ಕೂಗಿದರು. ಪೇಡೆ ಹಂಚಿಕೆಯಾಯಿತು. ಪೀರ್ ಪಾಷಾ ಕುಣಿಯಲು ಹೋಗಿ ಅತ್ತರಿನ ಸೀಸೆ ಒಡೆದ. ಇಡೀ ಬೀದಿ ಗುಲಾಬಿಯ ಘಮ.

ದೀಪಾಲಿ ಎದ್ದು ನಿಂತಳು. ಬಾಯಿ ನಗು ತಡೆಯಲಾರದೆ ಕಿವಿಯವರೆಗೆ ಹರಿದಿತ್ತು.

"ಅಣ್ಣಾರ, ಐದಾಗಿದ್ದು ಖಾತ್ರಿ ಏನ್ರಿ?"

"ಐದರ ಮ್ಯಾಲ ಎರಡು ನಿಮಿಷ. ಯಾಕ?"

"ಅಪ್ಪಗ ಮೊಣಕಾಲು ಹಿಡದಾವ್ರಿ, ಈ ವರ್ಷದ ವೇಷ ನನಗ ಬಿಟ್ಟಾನ," ಎಂದು ಬಕ್ಕಪ್ಪನ ಮಗಳು ಚಷ್ಮಾ ತೆಗೆದು, ಬಜಾರಿಗೆ ಬಾಗಿ ಕೈಮುಗಿದಳು. "ನಾ ಕಾಲೇಜಿನ ಮೆಟ್ಟಿಲಾ ಹತ್ತಿಲ್ರಿ."